ಲೆಕ್ಕಹಾಳೆಯನ್ನು ತಿದ್ದುವ ಲಿಖಿತ ಆಜ್ಞೆ

ಶಾಲೆಗಳಲ್ಲಿ ಅಂಕಪಟ್ಟಿಯನ್ನು ಕೈಯಿಂದ ಬರೆದಿಡುತ್ತಿದ್ದ ಕಾಲದಲ್ಲಿ ಒಂದು ಕಟ್ಟುನಿಟ್ಟಾದ ಪದ್ಧತಿಯಿತ್ತು. ಬರೆದ ಅಂಕಿಯ ಮೇಲೆಯೇ ಇನ್ನೊಂದು ಅಂಕಿಯನ್ನು ತೀಡುವಂತಿರಲಿಲ್ಲ. ಬ್ಲೇಡಿನಿಂದ ಕೆರೆದು ಅಳಿಸುವಂತೆಯೂ ಇರಲಿಲ್ಲ. ತಪ್ಪಾದ ಅಂಕಿಯ ಮೇಲೆ ಒಂದೇ ಗೆರೆ ಎಳೆಯಬೇಕು. ಆ ಗೆರೆಯ ಅಡಿಯಲ್ಲಿಯೂ ಹಳೆಯ ಅಂಕಿ ಓದಲು ಬರಬೇಕು. ಮಗ್ಗುಲಲ್ಲಿ ಸರಿಯಾದ ಅಂಕಿಯನ್ನು ಕೆಂಪು ಶಾಯಿಯಲ್ಲಿ ಬರೆದು, ತಿದ್ದಿದವರು ಚಿಕ್ಕದೊಂದು ಸಹಿ ಹಾಕಬೇಕು. ಮುಖ್ಯೋಪಾಧ್ಯಾಯರ ಕಣ್ಣು ಪಟ್ಟಿಯಲ್ಲಿ ಮೊದಲು ಬೀಳುತ್ತಿದ್ದುದು ಆ ಕೆಂಪು ಸಹಿಗಳ ಮೇಲೆಯೇ. ಅಲ್ಲಿ ಮೊದಲು ಏನಿತ್ತು, ಆಮೇಲೆ ಏನಾಯಿತು, ತಿದ್ದಿದವರಾರು ಎಂಬ ಪ್ರಶ್ನೆಗಳಿಗೆ ಆ ಹಾಳೆಯೇ ಉತ್ತರ ಹೇಳುತ್ತಿತ್ತು.

ಇಂದು ಅದೇ ಪಟ್ಟಿ ಗಣಕಯಂತ್ರದ ಪರದೆಯ ಮೇಲಿದೆ. ಎಕ್ಸೆಲ್, ಲಿಬ್ರೆ ಆಫೀಸ್ ಕ್ಯಾಲ್ಕ್ ಮೊದಲಾದ ಸ್ಪ್ರೆಡ್‌ಶೀಟ್ ತಂತ್ರಾಂಶಗಳು ಕೂಡುವ, ಶೇಕಡ ತೆಗೆಯುವ, ಅಕಾರಾದಿಯಾಗಿ ಜೋಡಿಸುವ ಶ್ರಮವನ್ನು ಬಹುಮಟ್ಟಿಗೆ ಇಲ್ಲವಾಗಿಸಿವೆ. ಈ ಲೇಖನದಲ್ಲಿ ಅದನ್ನು ಲೆಕ್ಕಹಾಳೆ ಎಂದೂ, ಅದರ ಒಂದೊಂದು ಚೌಕವನ್ನು ಮನೆ ಎಂದೂ ಕರೆಯೋಣ. ಗಣಿತದ ಪಾಠದಲ್ಲಿ ಬರುವ ಅಡ್ಡಸಾಲು, ಕಂಬಸಾಲು ಎಂಬ ಶಬ್ದಗಳನ್ನು ಹಾಗೆಯೇ ಇಟ್ಟುಕೊಳ್ಳೋಣ. ಈ ಹಾಳೆಯ ಒಂದು ಮನೆಯಲ್ಲಿ 63 ಇದ್ದುದನ್ನು ಅಳಿಸಿ 36 ಎಂದು ಬೆರಳಚ್ಚಿಸಿ, ಕಡತವನ್ನು ಉಳಿಸಿ ಮುಚ್ಚಿದರೆ, ಅಲ್ಲಿ ಮೊದಲು 63 ಇತ್ತೆಂಬುದಕ್ಕೆ ಸಾಮಾನ್ಯವಾಗಿ ಯಾವ ಕುರುಹೂ ಕಣ್ಣಿಗೆ ಬೀಳದು. ಹಾಳೆ ಎಂದಿನಂತೆ ಅಚ್ಚುಕಟ್ಟಾಗಿಯೇ ಕಾಣುತ್ತದೆ.

ಲೆಕ್ಕಹಾಳೆಯನ್ನು ಕೈಯಿಂದ ತಿದ್ದುವ ಬದಲು, ಸ್ಕ್ರಿಪ್ಟ್ ಎಂಬ ಲಿಖಿತ ಆಜ್ಞಾಮಾಲೆಯ ಮೂಲಕ ತಿದ್ದಿಸುವ ವಿಧಾನವನ್ನು ವಿದ್ಯಾರ್ಥಿಗಳಿಗೆ ಪರಿಚಯಿಸುವುದು ಪ್ರಕೃತ ಲೇಖನದ ಉದ್ದೇಶ. ಈ ವಿಧಾನವನ್ನು ಹೊಗಳುವವರು ಸಾಮಾನ್ಯವಾಗಿ ಅದರ ವೇಗವನ್ನು ಹೊಗಳುತ್ತಾರೆ. ವೇಗ ನಿಜವೇ. ನಾನು ಅದನ್ನು ಮೆಚ್ಚುವುದು ಮಾತ್ರ ಬೇರೊಂದು ಕಾರಣಕ್ಕಾಗಿ. ಸ್ಕ್ರಿಪ್ಟಿನಿಂದ ಮಾಡಿದ ತಿದ್ದುಪಡಿ ಬರವಣಿಗೆಯಾಗಿ ಉಳಿಯುತ್ತದೆ; ಉಳಿದ ಬರವಣಿಗೆಯನ್ನು ಇನ್ನೊಬ್ಬರು ಓದಿ ಪರೀಕ್ಷಿಸಬಹುದು. ಕೆಂಪು ಶಾಯಿಯ ಸಹಿಯಲ್ಲಿ ನಮಗಿದ್ದ ಅನುಕೂಲವನ್ನು ಇದು ಮರಳಿ ಕೊಡುತ್ತದೆ.

ಮುಂದೆ ಹೋಗುವ ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ. ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯೊಂದರ ಗಣಿತದ ಅಂಕಗಳನ್ನು ನಾನು ಹಾಳೆಗೆ ಏರಿಸಿದ್ದೆ. ಉತ್ತರ ಪತ್ರಿಕೆಗಳು ಬಂದ ಕ್ರಮದಲ್ಲಿಯೇ ಹೆಸರುಗಳಿದ್ದವು. ಅವನ್ನು ಅಕಾರಾದಿಯಾಗಿ ಜೋಡಿಸಬೇಕೆಂದು ಹೆಸರಿನ ಕಂಬಸಾಲೊಂದನ್ನೇ ಆರಿಸಿ ಆಜ್ಞೆ ಕೊಟ್ಟೆ. ಪಕ್ಕದ ಕಂಬಸಾಲುಗಳನ್ನೂ ಜೊತೆಗೆ ಒಯ್ಯಬೇಕೆ ಎಂದು ಯಂತ್ರ ಒಂದು ಪೆಟ್ಟಿಗೆಯಲ್ಲಿ ಕೇಳಿತು. ಸಂಜೆಯ ಗಡಿಬಿಡಿ, ಓದದೆ ಬೇಡವೆಂಬ ಗುಂಡಿಯನ್ನು ಒತ್ತಿದೆ. ಹೆಸರುಗಳೆಲ್ಲ ಚಲಿಸಿದವು, ಅಂಕಗಳು ನಿಂತಲ್ಲಿಯೇ ನಿಂತವು. ಮೊತ್ತ ಸರಿಯಾಗಿತ್ತು, ಸರಾಸರಿ ಸರಿಯಾಗಿತ್ತು, ತೇರ್ಗಡೆಯಾದವರ ಸಂಖ್ಯೆಯೂ ಸರಿಯಾಗಿತ್ತು. ಒಬ್ಬರ ಅಂಕ ಇನ್ನೊಬ್ಬರ ಹೆಸರಿನ ಮುಂದಿತ್ತು, ಅಷ್ಟೆ. ಪಟ್ಟಿಯನ್ನು ಫಲಕಕ್ಕೆ ಅಂಟಿಸಿದ ಮೂರನೆಯ ದಿನ ಒಬ್ಬ ತಂದೆ ಮಗಳ ಉತ್ತರ ಪತ್ರಿಕೆಯನ್ನು ಹಿಡಿದು ಬಂದರು. ಪತ್ರಿಕೆಯಲ್ಲಿ 91 ಇತ್ತು, ಪಟ್ಟಿಯಲ್ಲಿ 31. ಆ ಹುಡುಗಿ ಯಾರನ್ನೂ ಕೇಳಿರಲಿಲ್ಲ; ಗಣಿತ ತನಗೆ ಒಲಿಯದೆಂದು ಮನೆಯಲ್ಲಿ ಹೇಳಿ ಸುಮ್ಮನಾಗಿದ್ದಳು. ಪಟ್ಟಿಯಲ್ಲಿ ಅಚ್ಚಾದುದನ್ನು ಮಕ್ಕಳು ಎಷ್ಟು ಸುಲಭವಾಗಿ ನಂಬುತ್ತಾರೆ! ಮೊದಲಿನ ಹಾಳೆಯ ಪ್ರತಿಯನ್ನು ನಾನು ತೆಗೆದಿಟ್ಟಿರಲಿಲ್ಲ. ಎಲ್ಲ ಪತ್ರಿಕೆಗಳನ್ನೂ ಮಕ್ಕಳಿಂದ ಮರಳಿ ತರಿಸಿ, ರಾತ್ರಿಯಿಡೀ ಕುಳಿತು ಮತ್ತೆ ಬರೆಯಬೇಕಾಯಿತು.

ಇಂಥ ತಪ್ಪು ಶಾಲೆಯ ಮೇಷ್ಟರಿಗೆ ಮಾತ್ರ ಮೀಸಲಾದುದೆಂದು ಯಾರೂ ಭಾವಿಸಬೇಕಾಗಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಸಾರ್ವಜನಿಕ ಸಾಲವು ರಾಷ್ಟ್ರೀಯ ಉತ್ಪನ್ನದ ಶೇಕಡ 90ನ್ನು ಮೀರಿದ ದೇಶಗಳಲ್ಲಿ ಬೆಳವಣಿಗೆಯ ಸರಾಸರಿ ದರ ಸೊನ್ನೆಗಿಂತ ತುಸು ಕೆಳಗೆ, ಅಂದರೆ ಋಣ 0.1ರಷ್ಟಿದೆಯೆಂದು ಅದರಲ್ಲಿ ತೋರಿಸಲಾಗಿತ್ತು. ಸರಕಾರಗಳು ವೆಚ್ಚವನ್ನು ಮೊಟಕುಗೊಳಿಸಬೇಕೆಂದು ವಾದಿಸುವವರು ಈ ಪ್ರಬಂಧವನ್ನು ಹಲವೆಡೆ ಆಧಾರವಾಗಿ ಉದ್ಧರಿಸಿದರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಪಾಠದ ಅಭ್ಯಾಸಕ್ಕಾಗಿ ಅದೇ ಲೆಕ್ಕವನ್ನು ಮತ್ತೆ ಮಾಡಹೊರಟನು. ಎಷ್ಟು ಸಲ ಮಾಡಿದರೂ ಉತ್ತರ ಹೊಂದಲಿಲ್ಲ. ಕೊನೆಗೆ ಲೇಖಕರನ್ನೇ ಕೇಳಿದಾಗ ಅವರು ತಮ್ಮ ಲೆಕ್ಕಹಾಳೆಯನ್ನು ಕಳುಹಿಸಿಕೊಟ್ಟರು. ಸರಾಸರಿಯ ಸೂತ್ರವು 30ನೆಯ ಅಡ್ಡಸಾಲಿನಿಂದ 49ನೆಯದರವರೆಗೆ ಹೋಗಬೇಕಾಗಿದ್ದುದು 44ರಲ್ಲಿಯೇ ನಿಂತಿತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಈ ಐದು ದೇಶಗಳು ಲೆಕ್ಕದಿಂದಲೇ ಹೊರಗುಳಿದಿದ್ದವು. 2013ರಲ್ಲಿ ಹರ್ನ್‌ಡನ್ ತನ್ನ ಇಬ್ಬರು ಪ್ರಾಧ್ಯಾಪಕರೊಡನೆ ಪ್ರಕಟಿಸಿದ ಲೆಕ್ಕದ ಪ್ರಕಾರ ಆ ಸರಾಸರಿ 2.2 ಆಗಬೇಕಾಗಿತ್ತು. ಇಲ್ಲಿ ಒಂದು ಮಾತನ್ನು ನ್ಯಾಯಕ್ಕಾಗಿ ಹೇಳಬೇಕು: ಈ ಅಂತರದಲ್ಲಿ ಸೂತ್ರದ ತಪ್ಪಿನ ಪಾಲು ಚಿಕ್ಕದು. ಹೆಚ್ಚಿನ ಪಾಲು ಯಾವ ವರ್ಷಗಳನ್ನು ಬಿಡಬೇಕು, ಯಾವ ದೇಶಕ್ಕೆ ಎಷ್ಟು ತೂಕ ಕೊಡಬೇಕು ಎಂಬ ಆಯ್ಕೆಗಳದ್ದು. ಆದರೆ ಅಚ್ಚಾದ ಪ್ರಬಂಧವನ್ನು ಎಷ್ಟು ಓದಿದರೂ ಆ ಐದು ದೇಶಗಳ ಲೋಪ ಯಾರಿಗೂ ತಿಳಿಯುವಂತಿರಲಿಲ್ಲ. ಅದು ಒಂದು ಮನೆಯ ಒಳಗೆ ಅಡಗಿದ್ದ ಸೂತ್ರದಲ್ಲಿತ್ತು.

ಲೆಕ್ಕಹಾಳೆಯು ಹುಟ್ಟಿದ ಸಂದರ್ಭವೂ ಒಂದು ಪಾಠದ ಕೋಣೆಯೇ ಎಂಬುದು ಅಧ್ಯಾಪಕರಿಗೆ ಹಿತವಾದ ಸಂಗತಿ. 1978ರಲ್ಲಿ ಹಾರ್ವರ್ಡ್ ವಾಣಿಜ್ಯ ಶಾಲೆಯಲ್ಲಿ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್, ಪ್ರಾಧ್ಯಾಪಕರು ಕರಿಹಲಗೆಯ ಮೇಲೆ ಬರೆದ ಕೋಷ್ಟಕದಲ್ಲಿ ಒಂದು ಅಂಕಿ ತಪ್ಪಾದರೆ ಅದನ್ನವಲಂಬಿಸಿದ ಎಲ್ಲ ಅಂಕಿಗಳನ್ನೂ ಒರೆಸಿ ಮತ್ತೆ ಬರೆಯಬೇಕಾಗುವುದನ್ನು ಕಂಡನು. ಒಂದನ್ನು ತಿದ್ದಿದರೆ ಉಳಿದವು ತಾವಾಗಿಯೇ ತಿದ್ದಿಕೊಳ್ಳುವ ಹಲಗೆಯಿದ್ದರೆ? ಈ ಯೋಚನೆಗೆ ಬಾಬ್ ಫ್ರಾಂಕ್‌ಸ್ಟನ್ ಕ್ರಮವಿಧಿಯ ರೂಪ ಕೊಟ್ಟನು. 1979ರಲ್ಲಿ ಆಪಲ್-2 ಗಣಕಕ್ಕಾಗಿ ವಿಸಿಕ್ಯಾಲ್ಕ್ ಮಾರಾಟಕ್ಕೆ ಬಂದಿತು. 1983ರ ಲೋಟಸ್ 1-2-3 ತಂತ್ರಾಂಶದಲ್ಲಿ ಮ್ಯಾಕ್ರೊ ಎಂಬುದಿತ್ತು: ಒತ್ತಬೇಕಾದ ಕೀಲಿಗಳ ಸರಣಿಯನ್ನು ಬರೆದಿಟ್ಟರೆ ಯಂತ್ರವೇ ಅವನ್ನು ಒಂದಾದ ಮೇಲೊಂದು ಒತ್ತುತ್ತಿತ್ತು. ಎಕ್ಸೆಲ್ 1985ರಲ್ಲಿ ಮೆಕಿಂತಾಷ್ ಗಣಕಕ್ಕೆ ಬಂದಿತು. 1993ರಿಂದ ಅದರೊಳಗೆ ವಿ.ಬಿ.ಎ. ಎಂಬ ಪೂರ್ಣಪ್ರಮಾಣದ ಆಜ್ಞಾಭಾಷೆ ಸೇರಿಕೊಂಡಿತು. ಹಾಲೆಂಡಿನ ಗೀಡೊ ವಾನ್ ರೋಸಮ್ 1991ರಲ್ಲಿ ಹೊರತಂದ ಪೈಥಾನ್ ಭಾಷೆಯಿಂದಲೂ ಇಂದು ಇದೇ ಕೆಲಸ ಮಾಡಬಹುದಾಗಿದೆ. ವಿದ್ಯಾರ್ಥಿಗಳಿಗೆ ನಾನು ಶಿಫಾರಸು ಮಾಡುವುದು ಪೈಥಾನನ್ನೇ. ಅದಕ್ಕೆ ಹಣ ಕೊಡಬೇಕಾಗಿಲ್ಲ, ವಾಕ್ಯರಚನೆಯೂ ಸರಳ.

ಎಕ್ಸೆಲ್ ತಂತ್ರಾಂಶವನ್ನು ತೆರೆಯದೆಯೇ ಪೈಥಾನ್ ಅದರ ಹಾಳೆಯನ್ನು ತಿದ್ದುವುದು ಹೇಗೆಂಬ ಸಂದೇಹ ಮೂಡಬಹುದು. 2007ರಿಂದೀಚೆಗೆ ಎಕ್ಸೆಲ್ ಉಳಿಸುವ ಕಡತವು ವಾಸ್ತವವಾಗಿ ಒಂದು ಕಟ್ಟು. ಜಿಪ್ ವಿಧಾನದಿಂದ ಕುಗ್ಗಿಸಿದ ಹಲವು ಚಿಕ್ಕ ಪಠ್ಯಕಡತಗಳು ಅದರೊಳಗಿರುತ್ತವೆ. ಯಾವ ಮನೆಯಲ್ಲಿ ಏನಿದೆ, ಸೂತ್ರ ಯಾವುದು, ಬಣ್ಣ ಯಾವುದು ಎಂಬುದೆಲ್ಲ ಅಲ್ಲಿ ಓದಬಹುದಾದ ಅಕ್ಷರಗಳಲ್ಲಿಯೇ ಇದೆ. ಓಪನ್‌ಪೈಎಕ್ಸೆಲ್ ಎಂಬ ಪೈಥಾನ್ ಉಪಕರಣವು ಈ ಕಟ್ಟನ್ನು ಬಿಚ್ಚಿ, ನಾವು ಹೇಳಿದ ಮನೆಗಳನ್ನು ಬದಲಿಸಿ, ಮತ್ತೆ ಕಟ್ಟಿ ಇಡುತ್ತದೆ.

ಸೂತ್ರಕ್ಕೂ ಸ್ಕ್ರಿಪ್ಟಿಗೂ ಇರುವ ಭೇದವನ್ನು ಇಲ್ಲಿಯೇ ತಿಳಿದುಕೊಳ್ಳುವುದು ಒಳಿತು. ಸೂತ್ರವು ತಾನು ಕುಳಿತ ಮನೆಯ ಬೆಲೆಯನ್ನು ಮಾತ್ರ ಹೇಳಬಲ್ಲದು. ನೆರೆಮನೆಯನ್ನು ಅದು ತಿದ್ದಲಾರದು. ಸ್ಕ್ರಿಪ್ಟ್ ಹಾಳೆಯ ಹೊರಗೆ ನಿಂತು ಯಾವ ಮನೆಯನ್ನಾದರೂ ತಿದ್ದಬಲ್ಲದು, ಸಾಲುಗಳನ್ನು ಅಳಿಸಬಲ್ಲದು, ನೂರು ಕಡತಗಳನ್ನು ತೆರೆದು ಒಂದಾಗಿ ಕೂಡಿಸಬಲ್ಲದು. ಅಧಿಕಾರ ಹೆಚ್ಚಿದ್ದಷ್ಟು ಎಚ್ಚರವೂ ಬೇಕಾಗುತ್ತದೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ತರಗತಿಗೆ ಆರು ವಿಭಾಗಗಳು. ಆರು ಜನ ಶಿಕ್ಷಕರಿಂದ ಆರು ಹಾಳೆಗಳು ಬಂದಿವೆ. ಒಬ್ಬರು ಹೆಸರಿನ ಹಿಂದೆ ತೆರಪು ಬಿಟ್ಟಿದ್ದಾರೆ. ಒಬ್ಬರು ಗೈರುಹಾಜರಾದವರ ಮುಂದೆ ಅಡ್ಡಗೆರೆ ಹಾಕಿದ್ದಾರೆ, ಇನ್ನೊಬ್ಬರು 'ಗೈ.' ಎಂದು ಬರೆದಿದ್ದಾರೆ, ಮತ್ತೊಬ್ಬರು ಮನೆಯನ್ನು ಖಾಲಿ ಬಿಟ್ಟಿದ್ದಾರೆ. ಇವನ್ನು ಒಂದು ರೂಪಕ್ಕೆ ತರಬೇಕು. ಆಜ್ಞಾಮಾಲೆಯನ್ನು ಕನ್ನಡದಲ್ಲಿಯೇ ಹೇಳುವುದಾದರೆ ಅದು ಸುಮಾರಾಗಿ ಹೀಗಿರುತ್ತದೆ:

ಮೂಲ ಕಡತವನ್ನು ಓದುವುದಕ್ಕೆ ಮಾತ್ರ ತೆರೆ.
ಎರಡನೆಯ ಅಡ್ಡಸಾಲಿನಿಂದ ಕೊನೆಯದರವರೆಗೆ ಒಂದೊಂದನ್ನೇ ತೆಗೆದುಕೊ.
ಹೆಸರಿನ ಹಿಂದುಮುಂದಿನ ತೆರಪನ್ನು ಕಳೆ.
ಅಂಕದ ಮನೆಯಲ್ಲಿ 0 ಯಿಂದ 100ರವರೆಗಿನ ಸಂಖ್ಯೆ ಇದ್ದರೆ ಹೊಸ ಹಾಳೆಗೆ ಬರೆ.
ಅಡ್ಡಗೆರೆ ಅಥವಾ 'ಗೈ.' ಇದ್ದರೆ 'ಗೈರುಹಾಜರಿ' ಎಂದು ಹೊಸ ಹಾಳೆಗೆ ಬರೆ.
ಬೇರೆ ಏನಿದ್ದರೂ ಆ ಸಾಲನ್ನು ಸಂದೇಹದ ಹಾಳೆಗೆ ಬರೆ.
ಓದಿದ ಸಾಲುಗಳೆಷ್ಟು, ಹೊಸ ಹಾಳೆಗೆ ಹೋದವೆಷ್ಟು, ಸಂದೇಹಕ್ಕೆ ಹೋದವೆಷ್ಟು ಎಂದು ಹೇಳು.
ಬೇರೆ ಹೆಸರಿನ ಕಡತದಲ್ಲಿ ಉಳಿಸು.

ಇದರಲ್ಲಿ ಖಾಲಿ ಮನೆಯನ್ನು ಏನು ಮಾಡಿದೆವೆಂಬುದನ್ನು ಗಮನಿಸಿರಿ. ಅದು ಗೈರುಹಾಜರಿಯೋ, ಬರೆಯಲು ಮರೆತದ್ದೋ ಯಂತ್ರಕ್ಕೆ ತಿಳಿಯದು. ಆದುದರಿಂದ ಊಹಿಸುವ ಅಧಿಕಾರವನ್ನು ಅದಕ್ಕೆ ಕೊಡದೆ, ಮನುಷ್ಯರು ನೋಡಲೆಂದು ಸಂದೇಹದ ಹಾಳೆಗೆ ಕಳುಹಿಸಿದೆವು. ಗೈರುಹಾಜರಿಯನ್ನು ಸೊನ್ನೆಯೆಂದು ಬರೆಯದಿರುವುದಕ್ಕೂ ಕಾರಣವಿದೆ. 50 ಜನರಲ್ಲಿ 48 ಜನ ಪರೀಕ್ಷೆ ಬರೆದು ಸರಾಸರಿ 60 ಪಡೆದಿದ್ದಾರೆನ್ನೋಣ, ಒಟ್ಟು 2880. ಬಾರದಿದ್ದ ಇಬ್ಬರಿಗೆ ಸೊನ್ನೆಯಿಟ್ಟರೆ ಸರಾಸರಿ 57.6ಕ್ಕೆ ಇಳಿಯುತ್ತದೆ. ಲೆಕ್ಕಹಾಳೆಯ ಸರಾಸರಿ ಸೂತ್ರವು ಅಕ್ಷರಗಳಿರುವ ಮನೆಯನ್ನು ಬಿಟ್ಟು ಎಣಿಸುತ್ತದೆ, ಸೊನ್ನೆಯನ್ನು ಮಾತ್ರ ಬಿಡುವುದಿಲ್ಲ. ಕೈಯಿಂದ ತಿದ್ದಿದ್ದರೆ ಈ ನಿರ್ಣಯಗಳನ್ನು ನಾವು ತೆಗೆದುಕೊಂಡೆವೆಂಬುದೇ ಒಂದು ವಾರದಲ್ಲಿ ಮರೆತುಹೋಗುತ್ತಿತ್ತು. ಈಗ ಅವು ಎಂಟು ಸಾಲುಗಳಲ್ಲಿ ಬರೆದಿವೆ. ಮುಖ್ಯೋಪಾಧ್ಯಾಯರು ಓದಿ, ಅಡ್ಡಗೆರೆಯೆಂದರೆ ಎಲ್ಲ ವಿಭಾಗಗಳಲ್ಲಿಯೂ ಗೈರುಹಾಜರಿಯೇ ಹೌದೆ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು.

ಕಲಿಯುವವರು ಬಹುತೇಕ ಎಲ್ಲರೂ ಬೀಳುವ ಒಂದು ಕುಳಿಯನ್ನು ವಿವರವಾಗಿ ತೋರಿಸುತ್ತೇನೆ. ಹಾಳೆಯಲ್ಲಿ 5 ಮತ್ತು 6ನೆಯ ಅಡ್ಡಸಾಲುಗಳೆರಡೂ ಖಾಲಿಯಿವೆ; ಖಾಲಿ ಸಾಲುಗಳನ್ನು ಅಳಿಸೆಂದು ಸ್ಕ್ರಿಪ್ಟಿಗೆ ಹೇಳಿದ್ದೇವೆ. ಅದು ಮೇಲಿನಿಂದ ಒಂದೊಂದೇ ಸಾಲನ್ನು ನೋಡುತ್ತ 5ಕ್ಕೆ ಬಂದು ಅದನ್ನು ಅಳಿಸುತ್ತದೆ. ಆ ಕ್ಷಣವೇ ಕೆಳಗಿನ ಸಾಲುಗಳೆಲ್ಲ ಒಂದು ಮೆಟ್ಟಿಲು ಮೇಲೆ ಏರುತ್ತವೆ. ಹಿಂದಿನ 6 ಈಗ 5 ಆಯಿತು. ಸ್ಕ್ರಿಪ್ಟ್ 5ನ್ನು ಮುಗಿಸಿದೆನೆಂದು 6ಕ್ಕೆ ಹೋಗುತ್ತದೆ. ಅಲ್ಲಿರುವುದು ಹಿಂದಿನ 7. ಎರಡನೆಯ ಖಾಲಿ ಸಾಲು ಅದರ ಕಣ್ಣಿಗೆ ಬೀಳಲೇ ಇಲ್ಲ. ತಪ್ಪಿನ ಸೂಚನೆಯೂ ಬರುವುದಿಲ್ಲ, ಏಕೆಂದರೆ ಯಂತ್ರದ ದೃಷ್ಟಿಯಲ್ಲಿ ತಪ್ಪೇ ನಡೆದಿಲ್ಲ. ಪರಿಹಾರ ಸುಲಭ: ಕೊನೆಯ ಸಾಲಿನಿಂದ ಆರಂಭಿಸಿ ಮೇಲಕ್ಕೆ ಬರಬೇಕು. ಆಗ ಸರಿಯುವುದೆಲ್ಲ ಈಗಾಗಲೇ ನೋಡಿ ಮುಗಿಸಿದ ಸಾಲುಗಳೇ. ನಮ್ಮ ಮೇಲಿನ ಆಜ್ಞಾಮಾಲೆಯಂತೆ ಏನನ್ನೂ ಅಳಿಸದೆ, ಬೇಕಾದವನ್ನಷ್ಟೇ ಹೊಸ ಹಾಳೆಗೆ ಬರೆಯುವುದು ಇನ್ನೂ ಉತ್ತಮ.

ಸಾಲನ್ನು ಅಳಿಸುವುದರಲ್ಲಿ ಇನ್ನೊಂದು ತೊಡಕಿದೆ. ಎಕ್ಸೆಲ್‌ನಲ್ಲಿ ಕೈಯಿಂದ ಸಾಲನ್ನು ಅಳಿಸಿದರೆ ಬೇರೆಡೆಯ ಸೂತ್ರಗಳು ತಮ್ಮ ವಿಳಾಸವನ್ನು ತಾವೇ ಸರಿಪಡಿಸಿಕೊಳ್ಳುತ್ತವೆ. ಓಪನ್‌ಪೈಎಕ್ಸೆಲ್ ಮೂಲಕ ಅಳಿಸಿದರೆ ಹಾಗಾಗುವುದಿಲ್ಲ. ಸೂತ್ರವು ಹಳೆಯ ವಿಳಾಸವನ್ನೇ ಹಿಡಿದುಕೊಂಡಿರುತ್ತದೆ. ಆ ಉಪಕರಣಕ್ಕೆ ಸೂತ್ರವೆಂದರೆ ಒಂದು ಅಕ್ಷರಮಾಲೆ, ಅಷ್ಟೆ. ಅದನ್ನು ಲೆಕ್ಕ ಮಾಡಿ ಉತ್ತರ ಹೇಳುವ ಶಕ್ತಿ ಅದಕ್ಕಿಲ್ಲ. ಸೂತ್ರದ ಬದಲು ಉತ್ತರವನ್ನೇ ಓದೆಂದು ಹೇಳಬಹುದು. ಆಗ ಎಕ್ಸೆಲ್ ಕಡೆಯ ಸಲ ಉಳಿಸಿಟ್ಟ ಬೆಲೆಯನ್ನು ಅದು ಕೊಡುತ್ತದೆ. ಆದರೆ ಹಾಗೆ ತೆರೆದ ಕಡತವನ್ನು ಅದೇ ಹೆಸರಿನಲ್ಲಿ ಉಳಿಸಿದರೆ ಸೂತ್ರಗಳೆಲ್ಲ ಅಳಿದು ಬರಿಯ ಅಂಕಿಗಳು ಉಳಿಯುತ್ತವೆ. ವರ್ಷದ ಶ್ರಮ ಒಂದು ಕೀಲಿಯ ಒತ್ತಿನಲ್ಲಿ ಹೋಗುವುದೆಂದರೆ ಇದೇ.

ತನಗೆ ತೋಚಿದಂತೆ ತಿದ್ದುವ ಚಾಳಿ ಲೆಕ್ಕಹಾಳೆಗೂ ಇದೆ. ತಳಿವಿಜ್ಞಾನಿಗಳಿಗೆ ಇದರಿಂದಾದ ಪಾಡು ಪ್ರಸಿದ್ಧವಾದುದು. ಮಾನವನ ಕೆಲವು ವಂಶವಾಹಿಗಳ ಹೆಸರುಗಳನ್ನು ಸಂಕ್ಷೇಪವಾಗಿ 'ಮಾರ್ಚ್-1', 'ಸೆಪ್ಟ್-2' ಎಂದು ಓದುವಂತೆ ಬರೆಯುತ್ತಿದ್ದರು. ಎಕ್ಸೆಲ್ ಇವನ್ನು ಮಾರ್ಚ್ ತಿಂಗಳ ಒಂದನೆಯ ದಿನ, ಸೆಪ್ಟೆಂಬರ್ ತಿಂಗಳ ಎರಡನೆಯ ದಿನವೆಂದು ತಿಳಿದು ದಿನಾಂಕವಾಗಿ ಬದಲಿಸಿಬಿಡುತ್ತಿತ್ತು. ಈ ದೋಷವನ್ನು 2004ರಲ್ಲಿಯೇ ವಿಜ್ಞಾನಿಗಳು ಬರೆದು ಎಚ್ಚರಿಸಿದ್ದರು. 2016ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಪ್ರಕಟಿತ ಪ್ರಬಂಧಗಳೊಡನೆ ಬಂದ ಎಕ್ಸೆಲ್ ವಂಶವಾಹಿಪಟ್ಟಿಗಳನ್ನು ಪರೀಕ್ಷಿಸಿದಾಗ, ಸುಮಾರು ಐದರಲ್ಲೊಂದು ಪ್ರಬಂಧದಲ್ಲಿ ಇಂಥ ತಪ್ಪು ಕಂಡುಬಂದಿತು. ಕೊನೆಗೆ 2020ರ ವೇಳೆಗೆ ಹೆಸರಿಡುವ ಸಮಿತಿಯೇ ಸೋತು ಆ ವಂಶವಾಹಿಗಳ ಹೆಸರುಗಳನ್ನು ಬದಲಿಸಿತು! ಒಂದು ತಂತ್ರಾಂಶದ ಹಟಕ್ಕಾಗಿ ವಿಜ್ಞಾನದ ಪರಿಭಾಷೆ ಬದಲಾದ ಇಂಥ ಇನ್ನೊಂದು ನಿದರ್ಶನ ನನಗೆ ತಿಳಿಯದು.

ನಮ್ಮ ಪಟ್ಟಿಗಳಲ್ಲಿ ವಂಶವಾಹಿಗಳಿಲ್ಲ, ಜನ್ಮದಿನಾಂಕಗಳಿವೆ. ನಾವು ದಿನವನ್ನು ಮೊದಲು ಬರೆಯುತ್ತೇವೆ, ಅಮೆರಿಕದವರು ತಿಂಗಳನ್ನು. ಅಮೆರಿಕದ ಪದ್ಧತಿಗೆ ಹೊಂದಿಸಿದ ಗಣಕದಲ್ಲಿ 3-4-2012 ಎಂದು ಬರೆದರೆ ಏಪ್ರಿಲ್ 3ರಂದು ಹುಟ್ಟಿದ ಮಗು ಮಾರ್ಚ್ 4ರಂದು ಹುಟ್ಟಿದಂತಾಗುತ್ತದೆ. 13-4-2012 ಎಂದರೆ ಹದಿಮೂರನೆಯ ತಿಂಗಳಿಲ್ಲದ ಕಾರಣ ಅದು ದಿನಾಂಕವೇ ಆಗದೆ ಬರಿಯ ಅಕ್ಷರಗಳಾಗಿ ಉಳಿಯುತ್ತದೆ. ಒಂದೇ ಕಂಬಸಾಲಿನಲ್ಲಿ ಅರೆಪಾಲು ತಿರುಗಿ, ಅರೆಪಾಲು ತಿರುಗದೆ ಉಳಿಯುವ ಈ ಅವಸ್ಥೆಯನ್ನು ಬರಿಗಣ್ಣಿನಿಂದ ಪತ್ತೆಹಚ್ಚುವುದು ಕಷ್ಟ. ಸೊನ್ನೆಯಿಂದ ಆರಂಭವಾಗುವ ನೋಂದಣಿ ಸಂಖ್ಯೆ ತನ್ನ ಸೊನ್ನೆಯನ್ನು ಕಳೆದುಕೊಳ್ಳುತ್ತದೆ. ಸಂಖ್ಯೆಯಾಗಿ ಬರೆದ 16 ಅಂಕಿಗಳ ಲೆಕ್ಕದಲ್ಲಿ ಎಕ್ಸೆಲ್ 15 ಅಂಕಿಗಳನ್ನು ಮಾತ್ರ ಕಾಪಾಡಿ, ಹದಿನಾರನೆಯದನ್ನು ಸೊನ್ನೆಯಾಗಿಸುತ್ತದೆ. ಕೂಡಬೇಕಾಗಿಲ್ಲದ, ಗುಣಿಸಬೇಕಾಗಿಲ್ಲದ ಇಂಥ ಸಂಖ್ಯೆಗಳನ್ನು ಅಕ್ಷರಗಳೆಂದೇ ಓದಬೇಕು, ಅಕ್ಷರಗಳೆಂದೇ ಬರೆಯಬೇಕು ಎಂದು ಸ್ಕ್ರಿಪ್ಟಿನಲ್ಲಿ ಸ್ಪಷ್ಟವಾಗಿ ಹೇಳಿಬಿಡಬೇಕು.

ಇನ್ನು ಕನ್ನಡದ ಹೆಸರುಗಳ ವಿಷಯ. ಹಳೆಯ ಪಟ್ಟಿಗಳಲ್ಲಿ ಬಹಳಷ್ಟು ಯೂನಿಕೋಡಿಗೆ ಮುಂಚಿನ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಸಿದ್ಧವಾದವು. ಅವುಗಳಲ್ಲಿ ಕನ್ನಡ ಕಾಣುವುದು ಪರದೆಯ ಮೇಲೆ ಮಾತ್ರ. ಒಳಗೆ ಇರುವುದು ಲ್ಯಾಟಿನ್ ಅಕ್ಷರಗಳ ಸಂಕೇತಗಳು. ಇಂಥ ಹಾಳೆಯನ್ನು ಸ್ಕ್ರಿಪ್ಟಿಗೆ ಒಡ್ಡುವ ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳದೆ ಗತ್ಯಂತರವಿಲ್ಲ. ಯೂನಿಕೋಡಿನಲ್ಲಿಯೂ ಸೂಕ್ಷ್ಮಗಳಿವೆ. 'ಕೊ' ಎಂಬ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಎರಡೂ ಬೇರೆ. ಕೊಟ್ರೇಶ ಎಂಬ ಒಬ್ಬನೇ ಹುಡುಗ ಎರಡು ಹಾಳೆಗಳನ್ನು ಕೂಡಿಸಿದಾಗ ಇಬ್ಬರಾಗುವುದು ಹೀಗೆ. ಹೋಲಿಸುವ ಮೊದಲು ಎರಡನ್ನೂ ಒಂದು ರೂಪಕ್ಕೆ ತರುವ ಸಿದ್ಧ ಉಪಕರಣ ಪೈಥಾನ್‌ನಲ್ಲಿದೆ.

ಅಕಾರಾದಿಯ ಮಾತೂ ಹೀಗೆಯೇ. ನಮ್ಮ ವರ್ಣಮಾಲೆಯಲ್ಲಿ ಳಕಾರಕ್ಕೆ ಕೊನೆಯ ಸ್ಥಾನ. ಯೂನಿಕೋಡಿನ ಸಂಕೇತಕ್ರಮದಲ್ಲಿ ಅದು ಲಕಾರದ ಬೆನ್ನಿಗೇ ಬರುತ್ತದೆ. ಪೈಥಾನ್ ಸಂಕೇತಕ್ರಮವನ್ನೇ ಹಿಡಿದು ಜೋಡಿಸುವುದರಿಂದ, ಬಸವಕಲ್ಯಾಣದ ನಂತರ ಬರಬೇಕಾದ ಬಳ್ಳಾರಿ ಅದರ ಮುಂದೆ ಬಂದು ನಿಲ್ಲುತ್ತದೆ. ವರ್ಣಮಾಲೆಯ ಕ್ರಮವನ್ನು ನಾವೇ ಬರೆದು ಕೊಟ್ಟರೆ ಇದನ್ನು ಸರಿಪಡಿಸಬಹುದು. ಕನ್ನಡ ಅಂಕಿಗಳ ವಿಷಯದಲ್ಲಿ ಮಾತ್ರ ಪೈಥಾನ್ ಉದಾರಿ: ೪೨ ಎಂಬ ಅಕ್ಷರಗಳನ್ನು ಸಂಖ್ಯೆಯಾಗಿ ಓದೆಂದರೆ ತಕರಾರಿಲ್ಲದೆ 42 ಎಂದು ಓದಿಕೊಳ್ಳುತ್ತದೆ.

ಸ್ಕ್ರಿಪ್ಟ್ ಬರೆದೊಡನೆ ಲೆಕ್ಕ ತಾನಾಗಿಯೇ ಶುದ್ಧವಾಗುವುದೆಂದು ತಿಳಿಯುವವರು 2020ರಲ್ಲಿ ಇಂಗ್ಲೆಂಡಿನಲ್ಲಿ ನಡೆದುದನ್ನು ನೋಡಬೇಕು. ಕೊರೋನಾ ಸೋಂಕಿನ ಪರೀಕ್ಷೆಯ ಫಲಿತಾಂಶಗಳು ಪ್ರಯೋಗಾಲಯಗಳಿಂದ ಸರಳ ಪಠ್ಯಕಡತಗಳಾಗಿ ಬರುತ್ತಿದ್ದವು. ಅವನ್ನು ಎಕ್ಸೆಲ್ ಹಾಳೆಗಳಿಗೆ ತುಂಬುವ ಕೆಲಸ ಸ್ವಯಂಚಾಲಿತವಾಗಿ ನಡೆಯುತ್ತಿತ್ತು. ಬಳಸಿದ್ದು ಹಳೆಯ ಮಾದರಿಯ ಕಡತ. ಅದರಲ್ಲಿ 65,536ಕ್ಕಿಂತ, ಅಂದರೆ 2ರ 16ನೆಯ ಘಾತಕ್ಕಿಂತ ಹೆಚ್ಚು ಅಡ್ಡಸಾಲುಗಳು ಹಿಡಿಯುವುದಿಲ್ಲ. 2007ರಿಂದೀಚಿನ ಮಾದರಿಯಲ್ಲಿ 2ರ 20ನೆಯ ಘಾತ, ಎಂದರೆ 10,48,576 ಸಾಲುಗಳಿಗೆ ಸ್ಥಳವಿದೆ. ಹಾಳೆ ತುಂಬಿದ ಮೇಲೆ ಬಂದ ಸಾಲುಗಳು ಸದ್ದಿಲ್ಲದೆ ಬಿದ್ದುಹೋದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಸೋಂಕಿತರು ದೈನಂದಿನ ಎಣಿಕೆಯಿಂದ ಬಿಟ್ಟುಹೋಗಿದ್ದರು. ಆ ಜನರಿಗೆ ತಮ್ಮ ಫಲಿತಾಂಶ ತಲುಪಿತ್ತು. ಆದರೆ ಅವರ ಒಡನಾಟದಲ್ಲಿದ್ದವರನ್ನು ಹುಡುಕಿ ಎಚ್ಚರಿಸಬೇಕಾದ ಸಿಬ್ಬಂದಿಗೆ ಹೆಸರುಗಳು ಹೋಗುವುದು ದಿನಗಟ್ಟಲೆ ತಡವಾಯಿತು. ಬಂದ ಸಾಲುಗಳೆಷ್ಟು, ಹಾಳೆಗೆ ಸೇರಿದವೆಷ್ಟು ಎಂದು ಎಣಿಸಿ ಹೋಲಿಸುವ ಒಂದು ಆಜ್ಞೆ ಅಲ್ಲಿದ್ದಿದ್ದರೆ ಮೊದಲ ದಿನವೇ ಅಂತರ ಕಾಣುತ್ತಿತ್ತು. ನಮ್ಮ ಎಂಟು ಸಾಲಿನ ಆಜ್ಞಾಮಾಲೆಯಲ್ಲಿ ಏಳನೆಯದು ಏಕಿದೆಯೆಂಬುದು ಈಗ ವಿದ್ಯಾರ್ಥಿಗಳಿಗೆ ತಿಳಿದಿರಬಹುದು.

ಈಚಿನ ದಿನಗಳಲ್ಲಿ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳನ್ನು ಕೇಳಿದರೆ ಅವೇ ಸ್ಕ್ರಿಪ್ಟ್ ಬರೆದು ಕೊಡುತ್ತವೆ. ಕೇಳಬಾರದೆಂದು ನಾನು ಹೇಳುವುದಿಲ್ಲ. ಮಕ್ಕಳು ಹೇಗೂ ಕೇಳುತ್ತಾರೆ. ಆದರೆ ಬಂದುದನ್ನು ಸಾಲು ಸಾಲಾಗಿ ಓದಿ, ಖಾಲಿ ಮನೆಯನ್ನು ಅದು ಸೊನ್ನೆಯಾಗಿಸಿತೆ, ಮೂಲ ಕಡತದ ಮೇಲೆಯೇ ಬರೆಯಿತೆ ಎಂದು ನೋಡಲಾಗದವರು ಅದನ್ನು ಇತರರ ಅಂಕಗಳ ಮೇಲೆ ಓಡಿಸತಕ್ಕದ್ದಲ್ಲ.

ಅಭ್ಯಾಸಕ್ಕೆ ಶಾಲೆಯ ಗ್ರಂಥಾಲಯದ ಪುಸ್ತಕಪಟ್ಟಿಗಿಂತ ಒಳ್ಳೆಯ ಸಾಮಗ್ರಿ ಇನ್ನೊಂದಿಲ್ಲ. ತಪ್ಪಿದರೂ ಯಾರ ತೇರ್ಗಡೆಯೂ ನಿಲ್ಲದು. ಪಟ್ಟಿಯ ಒಂದು ಪ್ರತಿಯನ್ನು ಕೇಳಿ ಪಡೆಯಿರಿ. ನಿಮ್ಮ ಮೊದಲ ಸ್ಕ್ರಿಪ್ಟ್ ಅದರಲ್ಲಿ ಏನನ್ನೂ ತಿದ್ದದಿರಲಿ. ಒಟ್ಟು ಸಾಲುಗಳೆಷ್ಟು, ಹೆಸರಿಲ್ಲದ ಪುಸ್ತಕಗಳೆಷ್ಟು, ಎರಡು ಸಲ ಬಂದ ಕ್ರಮಸಂಖ್ಯೆಗಳು ಯಾವುವು, ಬೆಲೆಯ ಮನೆಯಲ್ಲಿ ಅಕ್ಷರಗಳಿರುವ ಸಾಲುಗಳು ಯಾವುವು ಎಂದು ಅದು ಹೇಳಲಿ. ಆಮೇಲೆ ಒಂದು ಕಪಾಟನ್ನು ಆರಿಸಿಕೊಂಡು, ಅದರಲ್ಲಿರುವ ಪುಸ್ತಕಗಳನ್ನು ಕೈಯಿಂದ ಎಣಿಸಿ, ಸ್ಕ್ರಿಪ್ಟ್ ಹೇಳಿದ ಸಂಖ್ಯೆಯೊಡನೆ ಹೋಲಿಸಿರಿ. ಎರಡೂ ಹೊಂದದಿದ್ದರೆ ಎರವಲು ವಹಿಯನ್ನು ತೆಗೆದು ನೋಡಿರಿ. ಬಹುಶಃ ಕೆಲವು ಪುಸ್ತಕಗಳು ಅಧ್ಯಾಪಕರ ಮನೆಗಳಲ್ಲಿಯೇ ಉಳಿದಿರಬಹುದು. ನನ್ನ ಬಳಿಯೂ ಎರಡಿವೆ.